ಎದುರಾಳಿ ಬೇಕಾಗಿದ್ದಾರೆ

ದೇವರಾಜುವಿಗೆ ಪಂಚಾಯ್ತಿ ಮೆಂಬರ್ ಆಗಬೇಕೆಂಬ ಆಸೆ ಹುಟ್ಟಿದ್ದು ಇಂದು ನಿನ್ನೆಯಲ್ಲ. ಹಿಂದಿನ ಸಲವೂ ನಿಂತಿದ್ದ. ನಿಂತು, ಸೋತು, ಆಮೇಲೆ ಒಂದಷ್ಟು ದಿನ ಊರಿನ ಯಾವ ಬೀಗರೂಟಕ್ಕೂ ಹೋಗದೆ ಮನೆಯಲ್ಲೇ ಮುಖ ಊದಿಸಿಕೊಂಡು ಕುಳಿತಿದ್ದ. ಸೋಲಾದರೂ ಸರಿಯೇ, ಅದನ್ನು ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ಬೇರೆ ಇತ್ತು. ವಾರ್ಡಿನಲ್ಲಿ ಅವನ ನೆಂಟರು ಎಷ್ಟು ಜನ ಇದ್ದರೋ ಅಷ್ಟು ಓಟೂ ಅವನಿಗೆ ಬಿದ್ದಿರಲಿಲ್ಲ. ಅಂದರೆ ತನ್ನ ಮನೆಯ ಅಂಗಳದಲ್ಲಿ ಕುಳಿತು ಮುದ್ದೆ ಮುರಿದವರಲ್ಲೇ ಯಾರೋ ಕೈ ಕೊಟ್ಟಿದ್ದರು. ಯಾರು ಎಂದು ಯೋಚಿಸಿ ಯೋಚಿಸಿ, ಎದುರಿಗೆ ಸಿಕ್ಕಿದ ಸೋದರಮಾವನನ್ನೂ ಅವನು ಓರೆಗಣ್ಣಿನಲ್ಲಿ ನೋಡುವಂತಾಗಿತ್ತು.

ಹಾಗೆ ನೋಡಿದರೆ ದೇವರಾಜು ಕೆಟ್ಟವನಲ್ಲ. ಕಟ್ಟೆಮಳಲವಾಡಿಯಿಂದ ಕೂಗಳತೆ ದೂರದ ಮಾವಿನಕೊಪ್ಪಲಿನಲ್ಲಿ ಹೊಗೆಸೊಪ್ಪು ಬೆಳೆಯುವ ಜಮೀನುದಾರ. ಸೊಪ್ಪು ಬೇಯಿಸುವ ಎರಡು ಬ್ಯಾರನ್, ಒಂದು ಗ್ರೇಡಿಂಗ್ ಶೆಡ್ಡು, ಸಾಕಷ್ಟು ಆಳುಕಾಳು. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುವವನು. ಆದರೆ ನಿಂತಲ್ಲಿ ಸುಮ್ಮನಿರದೆ ಸೌದೆ ಹೀಗೆ ಜೋಡಿಸಿ, ಹಾಗೆ ಜೋಡಿಸಿ ಎಂದು ಹೆಣದ ಮುಂದೆಯೂ ಯಜಮಾನಿಕೆ ಮಾಡುವವನು. ಜನ ಅವನನ್ನು ಇಷ್ಟಪಡುತ್ತಾರೋ ಸಹಿಸಿಕೊಳ್ಳುತ್ತಾರೋ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅದೊಂದನ್ನು ತಿಳಿದುಕೊಳ್ಳುವ ಆಸೆಯನ್ನೇ ಅವನು ಮೆಂಬರ್ ಆಗುವ ಆಸೆ ಎಂದು ತಿಳಿದಿದ್ದ.

ಈ ಸಲ ಚುನಾವಣೆ ಬಂದಾಗ ಊರಿನ ಹಿರಿಯರಿಗೆ ಒಂದು ಉಪಾಯ ಹೊಳೆಯಿತು. ಊರ ಮುಂದಿನ ಸಮುದಾಯ ಭವನಕ್ಕೆ ಗೋಡೆ ಎದ್ದು, ತಾರಸಿಗೆ ದುಡ್ಡಿಲ್ಲದೆ, ಕಂಬಿಗಳು ಆಕಾಶ ನೋಡುತ್ತಾ ತುಕ್ಕು ಹಿಡಿಯುತ್ತಿದ್ದವು. ವಾರ್ಡಿಗೆ ಇರುವುದು ಒಂದೇ ಸೀಟು. ಅದಕ್ಕೆ ಹೊಡೆದಾಡಿ ಊರು ಎರಡು ಭಾಗ ಆಗುವುದೇಕೆ, ಹರಾಜು ಹಾಕಿಬಿಡೋಣ. ಹೆಚ್ಚು ಕೂಗಿದವರೊಬ್ಬರೇ ನಾಮಪತ್ರ ಹಾಕಲಿ, ಮಿಕ್ಕವರು ಸುಮ್ಮನಿರಲಿ, ದುಡ್ಡು ತಾರಸಿಗೆ ಹೋಗಲಿ ಎಂದು ತೀರ್ಮಾನವಾಯಿತು. ಸೀಟು ಹರಾಜು ಹಾಕುವುದು ಅಪರಾಧವೆಂದು ಪಂಚಾಯ್ತಿ ಕಚೇರಿಯ ಗೋಡೆಗೆ ದೊಡ್ಡ ನೋಟೀಸು ಅಂಟಿಸಿದ್ದರು. ನಮ್ಮೂರಿನವರು ಕಾನೂನಿಗೆ ಬಹಳ ಮರ್ಯಾದೆ ಕೊಡುವ ಜನ. ಅದಕ್ಕೇ ಹರಾಜು ಎಂಬ ಮಾತನ್ನು ಬಿಟ್ಟು ‘ಭವನದ ಸಹಾಯಾರ್ಥ ಕೂಗು’ ಎಂದು ಹೆಸರಿಟ್ಟರು.

ದೇವರಾಜುವಿಗೆ ಇದು ಹಾಲು ಕುಡಿದಷ್ಟು ಸಂತೋಷವಾಯಿತು. ಓಟೇ ಇಲ್ಲದ ಮೇಲೆ ಕೈ ಕೊಡುವವರು ಯಾರು? ಸೋದರಮಾವ ಏನು ಮಾಡಿಯಾನು?

ಕೂಗು ನಡೆಸುವ ಜವಾಬ್ದಾರಿ ನಟರಾಜುವಿನ ಮೇಲೆ ಬಿತ್ತು. ಅವನು ವಯಸ್ಸಿನಲ್ಲಿದ್ದಾಗ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಬೇಲು, ಅಂದರೆ ಸೊಪ್ಪಿನ ಮೂಟೆ, ಹೊರುತ್ತಿದ್ದವನು. ಆಗ ಇನ್ನೂ ಕಂಪ್ಯೂಟರು ಬಂದಿರಲಿಲ್ಲ. ಕೊಳ್ಳುವವರು ಬೇಲುಗಳ ಸಾಲಿನ ನಡುವೆ ನಡೆದುಕೊಂಡು ಹೋಗುತ್ತಾ ಬೆಲೆ ಕೂಗುತ್ತಿದ್ದ ಕಾಲ. ಈ ಭಾಗದ ಜನಕ್ಕೆ ಹರಾಜು ಎಂದರೆ ಅದೊಂದೇ. ನಟರಾಜು ಬಂದವನೇ ಮಾಲು ಎಲ್ಲಿ ಎಂದು ಕೇಳಿದ. ಮಾಲು ಕಣ್ಣಿಗೆ ಕಾಣದೆ ಬೆಲೆ ಕೂಗುವುದು ಹೇಗೆ ಎಂಬುದು ಅವನ ವಾದ. ಕೊನೆಗೆ ಒಂದು ಗೋಣಿತಾಟಿಗೆ ನೆಲ್ಲುಹುಲ್ಲು ತುರುಕಿ, ಹೊಲಿದು, ಸುಣ್ಣದಲ್ಲಿ ವಾರ್ಡಿನ ನಂಬರು ಬರೆದು, ಅರಳಿಕಟ್ಟೆಯ ಮುಂದೆ ಇಟ್ಟರು. ನಾನೂರು ಜನರ ಹಣೆಬರಹ ಹುಲ್ಲಿನ ಮೂಟೆಯಾಗಿ ಬಿಸಿಲು ಕಾಯಿಸುತ್ತಾ ಕುಳಿತುಕೊಂಡಿತು.

ಕೂಗಿನಲ್ಲಿ ಕೊನೆಯವರೆಗೂ ಉಳಿದವರು ಇಬ್ಬರೇ. ಒಬ್ಬ ದೇವರಾಜು, ಇನ್ನೊಬ್ಬ ಗೊಬ್ಬರದಂಗಡಿಯ ಚನ್ನಬಸವಣ್ಣ. ಚನ್ನಬಸವಣ್ಣ ಮೀಸೆ ತೀಡಿಕೊಂಡು ಏರಿಸುತ್ತಾ ಹೋದ. ದೇವರಾಜು ಹಲ್ಲು ಕಚ್ಚಿಕೊಂಡು ಹಿಂಬಾಲಿಸಿದ. ಒಂದು ಹಳೆಯ ಟ್ರಾಕ್ಟರು ಬರುವಷ್ಟು ದುಡ್ಡಿಗೆ ಮುಟ್ಟಿದಾಗ ಚನ್ನಬಸವಣ್ಣ ಮುಗುಳ್ನಕ್ಕು ಎಲೆಅಡಿಕೆ ಬಾಯಿಗೆ ಹಾಕಿಕೊಂಡುಬಿಟ್ಟ. ನಟರಾಜು ಮೂರು ಸಲ ಕೂಗಿ ದೇವರಾಜುವಿನ ಹೆಸರು ಹೇಳಿದ. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ನಟರಾಜು ಹಳೆಯ ಅಭ್ಯಾಸಬಲದಿಂದ ಸುತ್ತ ನೋಡಿ ಇನ್ನೊಂದು ಮಾತು ಕೇಳಿಬಿಟ್ಟ.

“ಬೆಳೆಗಾರ್ರು ಒಪ್ಪಿದ್ರಾ?”

ಮಾರುಕಟ್ಟೆಯ ನಿಯಮ ಅದು. ಕೊಳ್ಳುವವನು ಎಷ್ಟೇ ಕೂಗಲಿ, ಬೆಳೆದವನಿಗೆ ಬೆಲೆ ಹಿಡಿಸದಿದ್ದರೆ ಬೇಲನ್ನು ವಾಪಸು ಮನೆಗೆ ಒಯ್ಯಬಹುದು. ಹಾಗಾಗಿ ಕೇಳಲೇಬೇಕು. ಆದರೆ ಈ ಬೇಲಿನ ಬೆಳೆಗಾರ ಯಾರು? ಚಪ್ಪಾಳೆಗೆ ಎತ್ತಿದ್ದ ಕೈಗಳು ಅಲ್ಲೇ ನಿಂತವು. ಹಿಂದೆ ನಿಂತಿದ್ದ ಕೆಳಗಿನ ಬೀದಿಯ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿರಿಯರೊಬ್ಬರು ಕೆಮ್ಮಿ, ಒಪ್ಪಿದೀವಿ ಅಂತ ಬರ್ಕೊಳಪ್ಪ ಎಂದು ಮುಗಿಸಿದರು. ಹುಲ್ಲಿನ ಬೇಲನ್ನು ಮೆರವಣಿಗೆಯಲ್ಲಿ ದೇವರಾಜುವಿನ ಮನೆಗೆ ತಲುಪಿಸಿದರು. ಅವನ ಹೆಂಡತಿ ಸುನಂದಮ್ಮ ಅದನ್ನು ಬಿಚ್ಚಿ ಸಂಜೆಗೆಲ್ಲ ಹಸುವಿಗೆ ಹಾಕಿದಳು.

ತೊಂದರೆ ಶುರುವಾದದ್ದು ಮಾರನೆಯ ದಿನದಿಂದ. ಬೀದಿಯ ಚರಂಡಿ ಕಟ್ಟಿಕೊಂಡಿತ್ತು. ಇಬ್ಬರು ಬಂದು ನಿಮ್ಮ ಚರಂಡಿ ಕಟ್ಟಿಕೊಂಡಿದೆ ಎಂದರು. ಶಾಲೆಯ ಹಿಂದೆ ನಾಯಿ ಸತ್ತು ನಾರುತ್ತಿತ್ತು. ನಿಮ್ಮ ನಾಯಿ ಸತ್ತಿದೆ ಎಂದರು. ಚರಂಡಿ ನನ್ನದು ಹೇಗಾಗುತ್ತದೆ ಎಂದು ಅವನು ರೇಗಿದರೆ, ಅವರು ಶಾಂತವಾಗಿ, ಹರಾಜಾದ ಮೇಲೆ ಮಾಲು ಕೊಂಡವನದೇ ತಾನೇ, ಅದರಲ್ಲಿ ಕಸವಿರಲಿ ಕಲ್ಲಿರಲಿ ಬೆಳೆದವನನ್ನು ಕೇಳುವ ಹಾಗಿಲ್ಲವಲ್ಲ ಎಂದು ನ್ಯಾಯ ಹೇಳಿದರು. ಅವರು ಕುಹಕಕ್ಕೆ ಹೇಳಿದ್ದಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದರು. ಅದೇ ಅವನಿಗೆ ಹೆಚ್ಚು ಉರಿಸಿದ್ದು.

ಇನ್ನೊಂದು ಸಂಗತಿಯೂ ಮೆಲ್ಲಗೆ ಅವನ ಗಮನಕ್ಕೆ ಬಂತು. ಹಿಂದಿನ ಸಲ ಓಟು ಕೇಳಲು ಹೊರಟಾಗ ಪ್ರತಿ ಮನೆಯಲ್ಲೂ ಚಾಪೆ ಹಾಸಿ ಕಾಫಿ ಕೊಟ್ಟಿದ್ದರು. ಕುಡಿದು ಕುಡಿದು ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ಈಗ ಅದೇ ಬೀದಿಯಲ್ಲಿ ನಡೆದರೆ ಜನ ಆರಾಮಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಬೈಯುವವರೂ ಇಲ್ಲ, ಹೊಗಳುವವರೂ ಇಲ್ಲ. ಮದುವೆಗೆ ಮೊದಲೇ ಹೆಣ್ಣಿನ ತೆರ ಸಂದಾಯವಾದ ಮನೆಯಲ್ಲಿ ಅಳಿಯನ ಮುಖ ಯಾರು ನೋಡುತ್ತಾರೆ ಎಂದು ಸುನಂದಮ್ಮ ನಕ್ಕಳು.

ದೇವರಾಜು ಟೀ ಅಂಗಡಿಯಲ್ಲಿ ಒಬ್ಬೊಬ್ಬರನ್ನೇ ಕೇಳತೊಡಗಿದ. ಅಕಸ್ಮಾತ್ ಚುನಾವಣೆ ನಡೆದಿದ್ದರೆ ನನಗೆ ಹಾಕುತ್ತಿದ್ದಿರಾ? ಎಲ್ಲರೂ ಎದೆ ಮುಟ್ಟಿಕೊಂಡು, ನಿಮಗಲ್ಲದೆ ಇನ್ಯಾರಿಗೆ ಎಂದರು. ಪಕ್ಕದ ವಾರ್ಡಿನವರೂ ಹಾಗೇ ಅಂದರು. ವೀರನಹೊಸಹಳ್ಳಿಯಿಂದ ಹಸು ಕೊಳ್ಳಲು ಬಂದಿದ್ದವನೊಬ್ಬನೂ ನಮ್ಮ ಓಟು ನಿಮಗೇ ಅಂದ. ಹಾಕುವ ಹಂಗಿಲ್ಲದ ಓಟನ್ನು ಹಾಕದವರು ಯಾರು? ಅವರ ಮಾತನ್ನೆಲ್ಲ ಕೂಡಿದರೆ ವಾರ್ಡಿನಲ್ಲಿರುವ ಓಟಿಗಿಂತ ಜಾಸ್ತಿಯಾಗುತ್ತಿತ್ತು. ದೇವರಾಜುವಿಗೆ ಮಾತ್ರ ಒಂದೂ ಸಿಕ್ಕಂತೆ ಅನಿಸಲಿಲ್ಲ.

ಕೊನೆಗೆ ಅವನು ತನ್ನ ಗ್ರೇಡಿಂಗ್ ಶೆಡ್ಡಿಗೇ ಹೋದ. ಅಲ್ಲಿ ಕೆಳಗಿನ ಬೀದಿಯ ಹೆಂಗಸರು ಕುಳಿತು ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುತ್ತಿದ್ದರು. ಅವರಲ್ಲಿ ಪುಟ್ಟಸಿದ್ದಮ್ಮ ಎಂಬಾಕೆ ಹಳಬಳು. ಗಂಡ ಸೋಮಯ್ಯ ಬೆಳಗಾಗುತ್ತಲೇ ಜೀಪು ಹತ್ತಿ ಕೊಡಗಿನ ಕಾಫಿ ತೋಟದ ಕೂಲಿಗೆ ಹೋಗುತ್ತಾನೆ. ಇವಳು ಇಲ್ಲಿಗೆ ಬರುತ್ತಾಳೆ. ನಾಲಿಗೆ ಸ್ವಲ್ಪ ಉದ್ದ ಎಂದು ಹೆಸರು. ದೇವರಾಜು ಅವಳನ್ನೂ ಅದೇ ಪ್ರಶ್ನೆ ಕೇಳಿದ. ಅವಳು ಕೈಯಲ್ಲಿದ್ದ ಎಲೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

“ಓಟು ಇದ್ದಾಗ ಕೇಳಿದ್ರೆ ಯೋಚ್ನೆ ಮಾಡಿ ಯೋಳ್ತಿದ್ದೆ ಗೌಡ್ರೆ. ಈಗ ನೀವು ಕೇಳ್ತಿರೋದು ಓಟಲ್ಲ, ಒಗಳಿಕೆ.”

ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ದೇವರಾಜು ಏನೂ ಆಗದವನಂತೆ ಸೊಪ್ಪಿನ ರಾಶಿಯನ್ನು ಕಾಲಲ್ಲಿ ಸರಿಸಿ ಹೊರಗೆ ಬಂದ. ಆದರೆ ಆ ಮಾತು ಎದೆಯಲ್ಲಿ ಕುಳಿತುಬಿಟ್ಟಿತು. ಸೀಟು ಕೈಗೆ ಬಂದಿತ್ತು. ಯಾತಕ್ಕಾಗಿ ಅದನ್ನು ಬಯಸಿದ್ದನೋ ಅದು ಮಾತ್ರ ಬಂದಿರಲಿಲ್ಲ. ಇನ್ನು ಮೇಲೆ ಬರುವ ಹಾಗೂ ಇರಲಿಲ್ಲ. ಐದು ವರ್ಷ ಅವನನ್ನು ಎಲ್ಲರೂ ಮೆಂಬರ್ರೆ ಎನ್ನುತ್ತಾರೆ, ಮನಸ್ಸಿನಲ್ಲಿ ಏನೆಂದುಕೊಳ್ಳುತ್ತಾರೋ ಅವನಿಗೆ ಎಂದೂ ತಿಳಿಯುವುದಿಲ್ಲ. ಇದನ್ನು ನೆನೆಸಿಕೊಂಡಾಗ ಅವನಿಗೆ ನಿಜವಾಗಿಯೂ ದುಃಖವಾಯಿತು.

ನಾಮಪತ್ರಕ್ಕೆ ಇನ್ನೂ ಮೂರು ದಿನ ಇತ್ತು. ದೇವರಾಜು ಎದುರಾಳಿ ಹುಡುಕಲು ಹೊರಟ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ ಎಂದು ಸುನಂದಮ್ಮ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲು ಚನ್ನಬಸವಣ್ಣನ ಅಂಗಡಿಗೆ ಹೋದ. ಹೋಗಲಿ, ನೀನೂ ಒಂದು ಅರ್ಜಿ ಹಾಕು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದ. ಚನ್ನಬಸವಣ್ಣ ಯೂರಿಯಾ ಮೂಟೆಗೆ ಒರಗಿಕೊಂಡು, ತಾನು ಕೂಗಿನಲ್ಲಿ ಸೋತವನಲ್ಲ, ದುಡ್ಡು ಉಳಿಸಿಕೊಂಡವನು ಎಂದು ತಿಳಿಸಿದ. ಅಷ್ಟಕ್ಕೂ ತನಗೆ ಮೆಂಬರ್ ಆಗುವ ಆಸೆ ಮೊದಲಿಂದಲೂ ಇರಲಿಲ್ಲವೆಂದೂ, ತಾರಸಿಗೆ ಸಿಮೆಂಟು ತನ್ನ ಅಂಗಡಿಯಿಂದಲೇ ಹೋಗುವುದರಿಂದ ಬೆಲೆ ಏರಲಿ ಎಂದು ನಾಲ್ಕು ಕೂಗು ಕೂಗಿದ್ದಾಗಿಯೂ, ಏನೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ದೇವರಾಜುವಿಗೆ ಅವನ ಮೇಲೆ ಕೋಪ ಬರಬೇಕಿತ್ತು. ವ್ಯಾಪಾರವೆಂದರೆ ಹೀಗಿರಬೇಕು ಎಂದು ಹೊಟ್ಟೆಕಿಚ್ಚು ಬಂತು.

ಆಮೇಲೆ ಹಿಡಿದದ್ದು ಕೂಲಿಯವರನ್ನು ಕೊಡಗಿಗೆ ಕರೆದೊಯ್ಯುವ ಜೀಪಿನ ವೆಂಕಟೇಶನನ್ನು. ಅವನು ಸಂತೋಷದಿಂದ ಒಪ್ಪಿದ. ಆದರೆ ನಿಲ್ಲಲು ಒಂದು ರೇಟು, ಪ್ರಚಾರ ಮಾಡಲು ಒಂದು ರೇಟು ಹೇಳಿದ. ಗೆದ್ದುಬಿಟ್ಟರೆ ಏನು ಮಾಡುತ್ತೀಯ ಎಂದು ದೇವರಾಜು ಹೆದರಿಸಿದರೆ, ಸೋಲುವುದಕ್ಕೂ ಒಂದು ರೇಟಿದೆ ಎಂದ. ದೇವರಾಜು ಜೀಪಿನ ಚಕ್ರಕ್ಕೆ ಒಂದು ಒದ್ದು ಮನೆಗೆ ಬಂದ. ದುಡ್ಡು ಕೊಟ್ಟು ಸೀಟು ಕೊಂಡಿದ್ದಾಯಿತು, ಈಗ ಎದುರಾಳಿಯನ್ನೂ ಕೊಳ್ಳಬೇಕು, ಅವನ ಸೋಲನ್ನೂ ಕೊಳ್ಳಬೇಕು. ಈ ಸಂತೆಯಲ್ಲಿ ಕೊಳ್ಳದೆ ಸಿಕ್ಕುವುದು ಏನಾದರೂ ಇದೆಯೋ ಇಲ್ಲವೋ ಎಂಬ ಪ್ರಶ್ನೆ, ಅಷ್ಟೆಲ್ಲ ಯೋಚಿಸುವ ಅಭ್ಯಾಸವಿಲ್ಲದ ಅವನ ತಲೆಗೂ ಬಂತು.

ಮತ್ತೆ ಅವನು ಶೆಡ್ಡಿಗೆ ಹೋದ. ಪುಟ್ಟಸಿದ್ದಮ್ಮನನ್ನು ಹೊರಗೆ ಕರೆದು, ಸುತ್ತ ನೋಡಿ, ನೀನು ನಿಲ್ಲು ಎಂದ. ಠೇವಣಿ ನಾನು ಕಟ್ಟುತ್ತೇನೆ, ಕರಪತ್ರದ ಖರ್ಚೂ ನನ್ನದು, ಹುಣಸೂರಿನಲ್ಲಿ ಮಾಡಿಸಿಕೊಡುತ್ತೇನೆ, ನಿನಗೆ ಒಂದು ಪೈಸೆ ಹೊರೆಯಿಲ್ಲ ಎಂದ. ಸೀಟಿಗೆ ಮೀಸಲಾತಿ ಇಲ್ಲ, ಯಾರು ಬೇಕಾದರೂ ನಿಲ್ಲಬಹುದು ಎಂದು ಕಾನೂನನ್ನೂ ಬಿಡಿಸಿ ಹೇಳಿದ. ಪುಟ್ಟಸಿದ್ದಮ್ಮ ಕೈಗಂಟಿದ್ದ ಸೊಪ್ಪಿನ ಜಿಡ್ಡನ್ನು ಉಜ್ಜಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

“ನಿಮಗೆ ಬೇಕಾಗಿರೋದು ಎದುರಾಳಿ ತಾನೆ ಗೌಡ್ರೆ?” ಎಂದಳು. “ನಿಮ್ಮ ದುಡ್ಡಲ್ಲಿ ನಿಂತ್ರೆ ನಾನು ಬರೀ ಆಳಾಯ್ತೀನಿ. ಎದುರು ಅನ್ನೋದು ಎಲ್ಲಿಂದ ಬಂದದು?”

ಅಷ್ಟು ಹೇಳಿ ಒಳಗೆ ಹೋಗಿ ಕುಳಿತಳು. ದೇವರಾಜು ಆ ಮಾತನ್ನು ಇಲ್ಲ ಎಂಬ ಉತ್ತರವೆಂದೇ ತಿಳಿದುಕೊಂಡ. ಆದರೆ ನಾಮಪತ್ರದ ಕೊನೆಯ ದಿನ ಪುಟ್ಟಸಿದ್ದಮ್ಮ ಕೆಲಸಕ್ಕೆ ಬರಲಿಲ್ಲ. ಸಂಜೆ ಹೊತ್ತಿಗೆ ಸುದ್ದಿ ಬಂತು. ಅವಳು ತನ್ನದೇ ದುಡ್ಡಿನಲ್ಲಿ ಠೇವಣಿ ಕಟ್ಟಿ ಅರ್ಜಿ ಹಾಕಿಬಂದಿದ್ದಳು. ಕೆಳಗಿನ ಬೀದಿಯ ಹೆಂಗಸರೇ ಸೂಚಕರು, ಸಾಕ್ಷಿಗಳು. ಯಾಕೆ ಹಾಕಿದೆ ಎಂದು ಕೇಳಿದವರಿಗೆ, ಚುನಾವಣೆ ಇಲ್ಲದಿದ್ದರೆ ನಮ್ಮ ಬೀದಿಗೆ ಯಾರೂ ಬರುವುದಿಲ್ಲ, ಐದು ವರ್ಷಕ್ಕೊಂದು ಸಲವಾದರೂ ಬಂದು ನಮ್ಮ ಕೊಚ್ಚೆ ತುಳಿಯಲಿ ಎಂದು ಹಾಕಿದೆ ಅಂದಳಂತೆ.

ಊರಿನ ಹಿರಿಯರು ಓಡಿ ಬಂದರು. ಊರ ಮಾತು ಮುರಿದುಬಿತ್ತು ಎಂದು ಕೂಗಾಡಿದರು. ದೇವರಾಜು ತನ್ನ ಕೈವಾಡವನ್ನು ಮುಚ್ಚಿಕೊಂಡು ತಾನೂ ಒಂದಿಷ್ಟು ಕೂಗಾಡಿದ. ಹಾಗಾದರೆ ನನ್ನ ದುಡ್ಡು ವಾಪಸು ಕೊಡಿ ಎಂದಾಗ ಮಾತ್ರ ಎಲ್ಲರೂ ಮೆತ್ತಗಾದರು. ತಾರಸಿಗೆ ಆಗಲೇ ಕಾಂಕ್ರೀಟು ಬಿದ್ದಾಗಿತ್ತು. ಕಾಂಕ್ರೀಟನ್ನು ಬಿಚ್ಚಿ ಕೊಡುವುದು ಹೇಗೆ? ಕೊನೆಗೆ ನಟರಾಜು ಹತ್ತಿರ ಸರಿದು ಸುಲಭದ ದಾರಿಯೊಂದನ್ನು ಸೂಚಿಸಿದ.

“ಅಷ್ಟಕ್ಕೂ ನಿನ್ ಶೆಡ್ಡಿನೋಳು ತಾನೆ ಕಣ್ಲಾ ಅವ್ಳು. ನಾಳೆಯಿಂದ ಬರ್ಬ್ಯಾಡ ಅನ್ನು. ಮಧ್ಯಾಹ್ನಕ್ಕೆ ವಾಪಸ್ ತಕ್ಕತಾಳೆ.”

ನಿಜ, ಅಷ್ಟೇ ಸಾಕಿತ್ತು. ಗ್ರೇಡಿಂಗ್ ಬಿಟ್ಟರೆ ಮಳೆ ಬೀಳುವವರೆಗೆ ಈ ಭಾಗದಲ್ಲಿ ಹೆಂಗಸರಿಗೆ ಬೇರೆ ಕೆಲಸವಿಲ್ಲ. ಒಂದೇ ಒಂದು ಮಾತು ಹೇಳಿದರೆ ಅವನು ಅವಿರೋಧ ಮೆಂಬರ್. ಬೆಳಿಗ್ಗೆ ಅದನ್ನು ಹೇಳಿಬಿಡೋಣವೆಂದೇ ದೇವರಾಜು ಶೆಡ್ಡಿನ ಬಾಗಿಲವರೆಗೂ ಹೋದ. ಒಳಗೆ ಪುಟ್ಟಸಿದ್ದಮ್ಮ ಎಂದಿನಂತೆ ತಲೆಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ಅವನು ಏನು ಹೇಳಲು ಬಂದಿದ್ದಾನೆಂದು ಅವಳಿಗೂ ಗೊತ್ತಿತ್ತು, ಮಿಕ್ಕವರಿಗೂ ಗೊತ್ತಿತ್ತು. ಸೊಪ್ಪಿನ ಸರಬರ ಸದ್ದು ನಿಂತುಹೋಯಿತು. ದೇವರಾಜು ಬಾಯಿ ತೆರೆದ. ಬಾಯಿಂದ ಬಂದದ್ದು, ಹಳದಿ ಸೊಪ್ಪನ್ನು ಬಾಗಿಲ ಹತ್ತಿರ ಇಡಬೇಡಿ, ಗಾಳಿಗೆ ಒಣಗುತ್ತೆ ಎಂಬ ಮಾತು. ಹೇಳಿ ಹಿಂದಿರುಗಿದ.

ಇದನ್ನು ಯಾರಾದರೂ ಪ್ರಜಾಪ್ರಭುತ್ವದ ಮೇಲಿನ ಪ್ರೀತಿ ಎಂದರೆ ದೇವರಾಜುವಿಗೇ ನಗು ಬಂದೀತು. ಅವಳು ಹಿಂದೆ ಸರಿದರೆ ಜನರ ಮನಸ್ಸಿನಲ್ಲಿ ತಾನು ಏನೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆಂಬ ಸ್ವಾರ್ಥ, ಅಷ್ಟೇ. ಒಳ್ಳೆಯ ಕೆಲಸಗಳನ್ನು ಒಳ್ಳೆಯ ಕಾರಣಕ್ಕೇ ಮಾಡಬೇಕೆಂದು ಹಟ ಹಿಡಿದರೆ ಮಾವಿನಕೊಪ್ಪಲಿನಲ್ಲಿ ಏನೂ ನಡೆಯುವುದಿಲ್ಲ.

ಅಲ್ಲಿಂದ ಮುಂದೆ ಊರಿಗೆ ಕಳೆ ಬಂತು. ದೇವರಾಜುವಿಗೆ ಕುಕ್ಕರ್ ಗುರುತು, ಪುಟ್ಟಸಿದ್ದಮ್ಮನಿಗೆ ಏಣಿ. ಅವನು ಮನೆಮನೆಗೆ ನಡೆದ. ಚಾಪೆಗಳು ಮತ್ತೆ ಬಿಚ್ಚಿಕೊಂಡವು, ಕಾಫಿ ಮತ್ತೆ ಬಂತು. ನಿಮ್ಮ ಚರಂಡಿ ಎನ್ನುತ್ತಿದ್ದವರು ನಮ್ಮ ಚರಂಡಿ ಎನ್ನತೊಡಗಿದರು. ಅವನು ಹಿಂದೆ ಮಾಡಿದ ಉಪಕಾರವನ್ನೂ ಅಪಕಾರವನ್ನೂ ಜನ ಬಾಯಿಬಿಟ್ಟು ಹೇಳಿದರು. ಹೆಣದ ಮುಂದೆ ಯಜಮಾನಿಕೆ ಮಾಡುತ್ತೀರಿ ಎಂದು ಒಬ್ಬ ಮುದುಕ ಮುಖಕ್ಕೇ ಹೊಡೆದ ಹಾಗೆ ಹೇಳಿದ. ದೇವರಾಜುವಿಗೆ ಅವಮಾನವಾಯಿತು, ಆದರೂ ಆ ಮನೆಯಲ್ಲಿ ಕಾಫಿ ಎರಡು ಲೋಟ ಕುಡಿದ. ಈ ಸಲ ಯಾರಿಗೂ ದುಡ್ಡು ಹಂಚುವುದಿಲ್ಲ, ಸೀರೆ ಹಂಚುವುದಿಲ್ಲ, ಬಾಡೂಟ ಹಾಕುವುದಿಲ್ಲ ಎಂದು ಅವನು ಪಣ ತೊಟ್ಟಿದ್ದ. ಬಿದ್ದಷ್ಟು ಓಟು ಅಪ್ಪಟ ಓಟಾಗಿರಬೇಕು ಎಂಬುದು ಅವನ ಆಸೆ. ಕೂಗಿನಲ್ಲೇ ಎಲ್ಲವೂ ಖಾಲಿಯಾಗಿರುವಾಗ ಪಣ ತೊಡುವುದು ಕಷ್ಟವಲ್ಲ ಎಂದು ಸುನಂದಮ್ಮ ಪಕ್ಕದ ಮನೆಯವಳಿಗೆ ಹೇಳಿದಳು.

ಪುಟ್ಟಸಿದ್ದಮ್ಮ ಪ್ರಚಾರಕ್ಕೆಂದು ಎಲ್ಲೂ ಹೋಗಲಿಲ್ಲ. ದಿನವಿಡೀ ಅವನದೇ ಶೆಡ್ಡಿನಲ್ಲಿ, ಅವನದೇ ಸೊಪ್ಪಿನ ರಾಶಿಯ ಸುತ್ತ ಕುಳಿತು ಹೆಂಗಸರೊಡನೆ ಮಾತಾಡುತ್ತಿದ್ದಳು. ಅವನು ಒಳಗೆ ಬಂದಾಗ ಮಾತು ನಿಲ್ಲುತ್ತಿತ್ತು, ಹೊರಗೆ ಹೋದಾಗ ಶುರುವಾಗುತ್ತಿತ್ತು.

ಒಂದು ಸಂಜೆ ದೇವರಾಜು ಕೆಳಗಿನ ಬೀದಿಯ ಕೊಚ್ಚೆ ದಾಟಿ ಅವಳ ಮನೆ ಬಾಗಿಲಿಗೂ ಹೋದ. ಒಂದು ಮನೆಯನ್ನೂ ಬಿಡಬಾರದೆಂಬ ಹಟ. ಅವಳು ಬೆಲ್ಲದ ಕಾಫಿ ಕೊಟ್ಟಳು. ಅವನು ಶಾಸ್ತ್ರಕ್ಕೆಂಬಂತೆ ಕೈ ಮುಗಿದು ಓಟು ಕೇಳಿದ. ಅವಳೂ ಕೈ ಮುಗಿದು ನಿಮ್ಮ ಓಟು ನನಗೆ ಕೊಡಿ ಎಂದಳು. ಅವನು ನಕ್ಕ. ಅವಳು ನಗಲಿಲ್ಲ. ನಾನು ನಿಮಗೆ ಹಾಕುವುದಿಲ್ಲ ಗೌಡ್ರೆ, ಸುಮ್ಮನೆ ಕಾಯಬೇಡಿ ಎಂದು ಸ್ಪಷ್ಟವಾಗಿ ಹೇಳಿದಳು. ಎಷ್ಟೋ ದಿನದಿಂದ ಎಲ್ಲರ ಬಾಯಲ್ಲೂ ಹೂಂ ಕೇಳಿ ಕೇಳಿ ಬೇಸತ್ತಿದ್ದ ದೇವರಾಜುವಿಗೆ ಆ ಇಲ್ಲ ಎಂಬ ಮಾತು ಕಾಫಿಗಿಂತ ಹಿತವಾಗಿತ್ತು. ಕೊನೆಗೂ ಒಬ್ಬರು ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡು ಮಾತಾಡಿದ್ದರು.

ಓಟಿನ ದಿನ ಅವನು ಶೆಡ್ಡಿನ ಹೆಂಗಸರನ್ನೆಲ್ಲ ಮಧ್ಯಾಹ್ನಕ್ಕೇ ಬಿಟ್ಟ. ಹೋಗಿ, ನಿಮಗೆ ಇಷ್ಟ ಬಂದವರಿಗೆ ಹಾಕಿ ಎಂದು ದೊಡ್ಡ ಮನಸ್ಸಿನಿಂದ ಹೇಳಿದ. ಎಣಿಕೆ ನಡೆದದ್ದು ಹುಣಸೂರಿನಲ್ಲಿ. ಪುಟ್ಟಸಿದ್ದಮ್ಮ ಗೆದ್ದಳು. ಹೆಚ್ಚಿನ ಅಂತರವೇನಿಲ್ಲ, ಹನ್ನೊಂದು ಓಟು.

ಸೋತವನನ್ನು ಸಮಾಧಾನ ಮಾಡಲು ಬಂದವರಿಗೆ ಆಶ್ಚರ್ಯ ಕಾದಿತ್ತು. ದೇವರಾಜು ಜಗಲಿಯ ಮೇಲೆ ಕಾಲು ನೀಡಿ ಕುಳಿತು ನಗುತ್ತಿದ್ದ. ಈ ಸಲ ಅವನಿಗೆ ನೆಂಟರ ಸಂಖ್ಯೆಗಿಂತ ಬಹಳ ಹೆಚ್ಚು ಓಟು ಬಿದ್ದಿತ್ತು. ಒಂದು ಸೀರೆಯಿಲ್ಲ, ಒಂದು ನೋಟಿಲ್ಲ. ಯಾರೂ ಕೊಳ್ಳದೆ, ಯಾರೂ ಮಾರದೆ, ಅಷ್ಟು ಜನ ಬಿಟ್ಟಿಯಾಗಿ ತನ್ನ ಹೆಸರಿನ ಮುಂದೆ ಮೊಹರು ಒತ್ತಿದ್ದಾರೆ ಎಂದು ಬಂದವರಿಗೆಲ್ಲ ಹೇಳಿದ. ಅವನ ಕಣ್ಣು ತೇವವಾಗಿತ್ತು, ನಾಟಕವಲ್ಲ. ಊಟಕ್ಕೆ ಕುಳಿತಾಗ, ನಿನ್ನದೂ ಅದರಲ್ಲಿ ಇತ್ತು ತಾನೆ ಎಂದು ಹೆಂಡತಿಯನ್ನು ಕೇಳಿದ. ಗುಪ್ತ ಮತದಾನ ಕಣ್ರೀ ಎಂದು ಸುನಂದಮ್ಮ ಇನ್ನೊಂದು ಮುದ್ದೆ ಬಡಿಸಿದಳು.

ಸೊಪ್ಪು ಯಾರ ಗೆಲುವಿಗೂ ಕಾಯುವುದಿಲ್ಲ. ಪುಟ್ಟಸಿದ್ದಮ್ಮ ಹಾರ ಬಾಡುವ ಮೊದಲೇ ಶೆಡ್ಡಿಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ದೇವರಾಜುವಿಗೆ ಹೊಸದೊಂದು ಕಷ್ಟ ಎದುರಾಯಿತು. ಜೀವಮಾನವೆಲ್ಲ ಅವಳನ್ನು ನೀನು ಎಂದವನು, ಈಗ ಮೆಂಬರ್ ಆದವಳನ್ನು ಏನೆನ್ನಬೇಕು? ನೀನು ಎಂದರೆ ಪಂಚಾಯ್ತಿಗೆ ಅಗೌರವ, ನೀವು ಎಂದರೆ ಕೂಲಿಯವರ ಮುಂದೆ ತನಗೆ ಮುಜುಗರ. ಎರಡೂ ಬೇಡವೆಂದು ಅವನು ಯಾರಿಗೂ ಅಲ್ಲದಂತೆ ಮಾತಾಡುವುದನ್ನು ಕಲಿತುಕೊಂಡ. ಆ ರಾಶಿ ಮುಗಿಸಬೇಕು, ನೀರು ಕುಡಿಯಬಹುದು, ಎನ್ನುತ್ತಿದ್ದ. ಹೆಂಗಸರಿಗೆ ಇದು ದಿನದ ತಮಾಷೆಯಾಯಿತು.

ಹೀಗಿರುವಾಗ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಪುಟ್ಟಸಿದ್ದಮ್ಮ ಎದ್ದು ನಿಂತು, ಇವತ್ತು ಪಂಚಾಯ್ತಿಯಲ್ಲಿ ಮೊದಲನೇ ಮೀಟಿಂಗು ಇದೆ, ಹೋಗಬೇಕು ಎಂದಳು. ಹೋಗಬಹುದು, ಎಂದ ದೇವರಾಜು ಗೋಡೆಯ ಕಡೆ ನೋಡಿ.

“ಅರ್ಧ ದಿನದ ಕೂಲಿ ಇಡ್ಕತೀರಾ?”

ಅರ್ಧ ದಿನ ಹೋದವರಿಗೆ ಅರ್ಧ ಕೂಲಿ ಹಿಡಿಯುವುದು ಅವನಪ್ಪನ ಕಾಲದಿಂದ ಬಂದ ಪದ್ಧತಿ. ಅದನ್ನು ಅವನು ಎಂದೂ ಯೋಚಿಸಿರಲಿಲ್ಲ. ಈಗ ಯೋಚಿಸಬೇಕಾಯಿತು. ಹಿಡಿದರೆ ಊರಿನ ಕೆಲಸಕ್ಕೆ ಹೋದವಳ ಹೊಟ್ಟೆಯ ಮೇಲೆ ಹೊಡೆದಂತೆ. ಹಿಡಿಯದಿದ್ದರೆ ಮೆಂಬರ್ ದೇವರಾಜುವಿನ ಕೂಲಿ ತಿನ್ನುತ್ತಾ ಮೀಟಿಂಗಿನಲ್ಲಿ ಕೂತಂತೆ. ನಾಳೆ ಯಾವ ಬಾಯಿಂದ ಅವಳು ಅವನ ವಿರುದ್ಧ ಮಾತಾಡುತ್ತಾಳೆ? ಎರಡು ಕಡೆಯಿಂದಲೂ ದಾರಿ ಕಟ್ಟಿಕೊಂಡಿತ್ತು. ಏನು ಮಾಡಲಿ, ನೀವೇ ಹೇಳಿ ಎಂದುಬಿಟ್ಟ. ನೀವು ಎಂಬ ಮಾತು ಬಾಯಿಂದ ಜಾರಿದ್ದು ಅವನಿಗೇ ತಿಳಿಯಲಿಲ್ಲ.

“ಇಡ್ಕಳಿ,” ಎಂದಳು ಪುಟ್ಟಸಿದ್ದಮ್ಮ. “ಓಟಿನ ದಿನವೂ ಇಡ್ಕಂಡ್ರಲ್ಲ. ಇಲ್ಲಿರೋರಲ್ಲಿ ನಿಮಗೆ ಆಕಿದೋರೂ ಅವ್ರೆ, ನಂಗೆ ಆಕಿದೋರೂ ಅವ್ರೆ. ಎಲ್ರುದೂ ಅರ್ಧ ದಿನದ ಕೂಲಿ ಓಯ್ತು. ನಂ ಓಟು ಬಿಟ್ಟಿ ಅಂತ ಜಗಲಿ ಮ್ಯಾಲೆ ಕುಂತು ಯೋಳ್ತಿದ್ರಂತೆ. ಬಿಟ್ಟಿಯಲ್ಲ ಗೌಡ್ರೆ.”

ಓಟು ನಡೆದ ವಾರದ ಶನಿವಾರದ ಬಟವಾಡೆ ದೇವರಾಜುವಿನ ಕಣ್ಣ ಮುಂದೆ ಬಂತು. ದೊಡ್ಡ ಮನಸ್ಸಿನಿಂದ ಅರ್ಧ ದಿನ ಬಿಟ್ಟವನೂ ಅವನೇ, ಅದೇ ಅರ್ಧ ದಿನವನ್ನು ಮುರಿದುಕೊಂಡು ಎಣಿಸಿ ಕೊಟ್ಟವನೂ ಅವನೇ. ಅಪ್ಪಟ ಓಟು ಎಂದು ಎದೆಗೆ ಅಪ್ಪಿಕೊಂಡಿದ್ದೆಲ್ಲ ಈ ಹೆಂಗಸರ ಗಂಜಿಯ ದುಡ್ಡಾಗಿತ್ತು. ಅವನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಈ ಶನಿವಾರ ಎಲ್ಲರಿಗೂ ಆ ದಿನದ್ದೂ ಸೇರಿಸಿ ಕೊಡುತ್ತೇನೆ ಎಂದು ತಡವರಿಸಿದ.

ಮೂಲೆಯಲ್ಲಿ ಕುಳಿತಿದ್ದ ಪುಟ್ಟಿ ಎಂಬ ಮುದುಕಿ, ಕೈಯಲ್ಲಿದ್ದ ಎಲೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಈಗ ಕೊಟ್ರೆ, ಓಟಿಗೆ ದುಡ್ಡು ಕೊಟ್ಟಂಗಾಗಕಿಲ್ವಾ ಗೌಡ್ರೆ?”

ಶೆಡ್ಡಿನ ತುಂಬ ನಗು ಎದ್ದಿತು. ಪುಟ್ಟಸಿದ್ದಮ್ಮನೂ ನಕ್ಕಳು. ಕೊನೆಗೆ ದೇವರಾಜುವೂ ನಕ್ಕ, ಆದರೆ ಕೊಡುವುದೋ ಬಿಡುವುದೋ ಅವನಿಗೆ ಹೊಳೆಯಲಿಲ್ಲ. ಅವನು ಕೈಯನ್ನು ಜೇಬಿಗೆ ಹಾಕುತ್ತಾ ತೆಗೆಯುತ್ತಾ ನಿಂತಿರುವಾಗಲೇ ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಪುಟ್ಟಸಿದ್ದಮ್ಮ ಸೆರಗಿಗೆ ಅಂಟಿದ್ದ ಸೊಪ್ಪಿನ ಪುಡಿ ಕೊಡವಿಕೊಂಡು ಚಪ್ಪಲಿ ಮೆಟ್ಟಿದಳು. ಅರ್ಧ ದಿನದ ಕೂಲಿ ಬಿಟ್ಟು ಮೆಂಬರ್ರು ಮೀಟಿಂಗಿಗೆ ಹೋದರು.